ಅಜ್ಜಿ ಗೇರು

"ಯಾವುದು ಹಾಕ್ಲಿ, ಅಣ್ಣಾ?" ಎಂದು ಮೇಸ್ತ್ರಿ ಕೇಳಿದ್ದು ಗಂಡನನ್ನು. ಆರು ವರ್ಷದಿಂದ ಆ ಪಿಕಪ್ ಓಡಿಸುತ್ತಿದ್ದ ಹೆಂಡತಿ ಅಲ್ಲೇ ಪಕ್ಕದಲ್ಲಿ ನಿಂತಿದ್ದಳು.

ಗಾಡಿಯ ಹಳೆಯ ಗೇರ್‌ಬಾಕ್ಸ್ ಒಡೆದಿತ್ತು. ಗ್ಯಾರೇಜಿನ ಬೆಂಚಿನ ಮೇಲೆ ಬದಲಿಗೆಂದು ಎರಡು ಗೇರ್‌ಬಾಕ್ಸುಗಳಿದ್ದವು. ಎರಡೂ ಗುಜರಿಯಿಂದ ತಂದು ಸೀಮೆಎಣ್ಣೆಯಲ್ಲಿ ತೊಳೆದಿಟ್ಟಂಥವು. ಒಂದು ಎರಕದ ಕಬ್ಬಿಣದ್ದು, ನಾಲ್ಕು ಗೇರಿನದು, ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ಇನ್ನೊಂದು ಅಲ್ಯೂಮಿನಿಯಮ್ಮಿನದು, ಐದು ಗೇರಿನದು, ಈಗಷ್ಟೇ ಮುಖ ತೊಳೆದು ಬಂದ ಹಾಗೆ ಬೆಳ್ಳಗಿತ್ತು.

"ನಾಲ್ಕರದ್ದು," ಎಂದಳು ಅವಳು. "ಗುಡ್ಡಕ್ಕೆ ಅದೇ ಬೇಕು."

"ಅದರ ಮೊದಲನೇದು ಅಜ್ಜಿ ಗೇರು, ಅಕ್ಕಾ," ಮೇಸ್ತ್ರಿ ನಕ್ಕ. "ಹಾಕಿ ಬಿಟ್ಟು, ಇಳಿದು, ಅಂಗಡೀಲಿ ಸಾಮಾನು ತಗೊಂಡು, ಚಿಲ್ಲರೆಗೆ ಜಗಳ ಆಡಿ ವಾಪಸ್ ಬಂದು ಹತ್ಕೋಬಹುದು. ಟಾರ್ ರೋಡಲ್ಲಿ ಸೈಕಲ್ಲಿನೋರೂ ಹಿಂದಿಂದ ಬೆಲ್ ಹೊಡೀತಾರೆ."

"ಹೊಡೀಲಿ ಬಿಡು. ಇಪ್ಪತ್ತೆಂಟು ಕ್ಯಾನ್ ನೀರು ಹೇರ್ಕೊಂಡು ಹತ್ತೋವಾಗ ಸೈಕಲ್ಲಿನೋನು ಬಂದು ತಳ್ತಾನಾ?"

"ಅವಳು ಹೇಳ್ದಂಗೆ ಮಾಡಪ್ಪ. ಓಡಿಸೋಳು ಅವಳಲ್ವಾ," ಎಂದ ಗಂಡ. ಹೇಳುವಾಗ ಅವಳ ಕಡೆ ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಟೈರಿನ ಸಂದುಗಳಲ್ಲಿ ಸಿಕ್ಕಿಕೊಂಡಿದ್ದ ಕಲ್ಲಿನ ಚೂರುಗಳನ್ನು ಉಗುರಿನಿಂದ ಒಂದೊಂದಾಗಿ ಕೀಳುತ್ತಿದ್ದ.

ಬೆನ್ನಿನ ಮೂಳೆ ಜಾರಿ ಅವನು ಹಾಸಿಗೆ ಹಿಡಿದ ವರ್ಷ ಅವಳು ಸ್ಟೀರಿಂಗ್ ಹಿಡಿದಿದ್ದಳು. ಗುಡ್ಡದ ಮೇಲೆ ಕಲ್ಲುಗಣಿಯ ಕೆಲಸಗಾರರ ಇಪ್ಪತ್ತಮೂರು ಮನೆಗಳು. ಅಲ್ಲಿ ನೀರಿಲ್ಲ, ಅಂಗಡಿಯಿಲ್ಲ, ದಾರಿ ಎನ್ನಬಹುದಾದ ದಾರಿಯೂ ಇಲ್ಲ. ದಿನಕ್ಕೊಂದು ಸಲ ಕುಡಿಯುವ ನೀರು, ವಾರಕ್ಕೆರಡು ಸಲ ಸಿಲಿಂಡರು, ಕೇಳಿದಾಗ ಮಾತ್ರೆ ಔಷಧಿ. ಒಂದು ಸಲ ಕೆಳಗಿಳಿಯುವಾಗ ಹೆರಿಗೆ ನೋವಿನ ಹೆಂಗಸು. ಮೊದಮೊದಲು ಅಲ್ಲಿನವರು ಅವಳನ್ನು 'ಅವರ ಹೆಂಡ್ತಿ' ಎನ್ನುತ್ತಿದ್ದರು. ಬರಬರುತ್ತ ಗಾಡಿಗೇ 'ಅಕ್ಕನ ಗಾಡಿ' ಎಂದು ಹೆಸರಾಯಿತು. ಗಂಡನ ಬೆನ್ನು ನೆಟ್ಟಗಾಗಿ ಒಂದೂವರೆ ವರ್ಷವಾಗಿತ್ತು. ಭಾನುವಾರ ಅವನು ಪೈಪು ಹಿಡಿದು ಗಾಡಿ ತೊಳೆಯುತ್ತಿದ್ದರೆ ಹಾದುಹೋಗುವವರು, "ಏನು, ಅಕ್ಕನ ಗಾಡಿಗೆ ಸ್ನಾನವಾ?" ಎಂದು ಕೇಳುತ್ತಿದ್ದರು. ಅವನೂ ನಗುತ್ತಿದ್ದ. ಆ ನಗುವನ್ನು ಅವಳು ನಗುವೆಂದೇ ತಿಳಿದಿದ್ದಳು.

ಎಂಟು ದಿನ ಬಿಟ್ಟು ಗಾಡಿ ತರಲು ಒಬ್ಬಳೇ ಹೋದಳು. ಹಿಂದಿನ ಒಂದು ಚಕ್ರ ಇನ್ನೂ ಜಾಕಿನ ಮೇಲಿತ್ತು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಅಣ್ಣ ಬರ್ಲಿಲ್ವಾ?" ಎಂದ. ಅವಳು ಸೀಟಿಗೆ ಹತ್ತಿ ಗೇರಿನ ಕಡ್ಡಿ ಹಿಡಿದಳು. ಒಂದು, ಎರಡು, ಮೂರು, ನಾಲ್ಕು. ಕೈ ತನ್ನಷ್ಟಕ್ಕೆ ಬಲಕ್ಕೆ ಸರಿಯಿತು, ಕಡ್ಡಿ ಐದನೆಯದಕ್ಕೆ ಮೆತ್ತಗೆ ಕೂತಿತು.

ಅದನ್ನು ನ್ಯೂಟ್ರಲ್ಲಿಗೆ ತಂದು ಇಳಿದಳು. ರಟ್ಟು ಹಾಸಿಕೊಂಡು ಗಾಡಿಯ ಕೆಳಗೆ ತೂರಿ, ಹಿಂದಿನ ಚಕ್ರಗಳನ್ನು ತಿರುಗಿಸುವ ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿದಳು.

"ಚಕ್ರ ತಿರುಗ್ಸು. ಎರಡು ಸುತ್ತು."

"ಯಾಕಕ್ಕಾ, ಎಲ್ಲಾ ಸರಿ ಇದೆ..."

"ತಿರುಗ್ಸಪ್ಪಾ."

ಒಂದೇ ಚಕ್ರ ಎತ್ತಿದ್ದರೆ ಎರಡು ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಶಾಫ್ಟ್ ಎಷ್ಟು ಸಲ ತಿರುಗಿತು ಎಂದು ಎಣಿಸಿದರೆ ಹಿಂದಿನ ಅಚ್ಚಿನೊಳಗಿನ ಹಲ್ಲುಗಳ ಲೆಕ್ಕ ಸಿಗುತ್ತದೆ. ಸುತ್ತು ಹೆಚ್ಚಿದ್ದರೆ ಗಾಡಿ ಎಳೆಯುತ್ತದೆ, ಕಡಿಮೆಯಿದ್ದರೆ ಓಡುತ್ತದೆ. ಇದನ್ನು ಅವಳಿಗೆ ಕಲಿಸಿದ್ದು ಗಂಡನೇ. ಮಲಗಿದ್ದಲ್ಲಿಂದ, ಬೆರಳಿನಲ್ಲಿ ಗಾಳಿಗೆ ಗೀಟು ಹಾಕಿ ತೋರಿಸಿದ್ದ. ಹಳೆಯದು ನಾಲ್ಕು ಮುಕ್ಕಾಲು ಬರುತ್ತಿತ್ತು. ಈಗ ಬಿಳಿಯ ಗೀಟು ಮೂರು ಸಲ ಪೂರಾ ಬಂದು, ನಾಲ್ಕನೆಯ ಸಲ ಅರ್ಧದಲ್ಲೇ ನಿಂತಿತು.

ತಲೆ ಹೊರಳಿಸಿ ಮುಂದಕ್ಕೆ ನೋಡಿದಳು. ಮುಂದಿನ ಚಕ್ರಗಳಿಗೆ ಹೋಗಬೇಕಾದ ಶಾಫ್ಟಿನ ಜಾಗದಲ್ಲಿ ಬರೀ ಬಯಲು.

"ಮುಂದಿನ ಶಾಫ್ಟ್ ಎಲ್ಲಿ?"

"ಗೋಣೀಲಿ ಸುತ್ತಿಟ್ಟಿದ್ದೀನಿ ಅಕ್ಕಾ. ಹಿಂದಿನ ಹಲ್ಲು ಬದಲಾಯ್ತು, ಮುಂದಿನದು ಹಳೇದೇ ಇದೆ. ಮರೆತು ನಾಲ್ಕೂ ಚಕ್ರಕ್ಕೆ ಹಾಕಿಬಿಟ್ರೆ ಒಂದಕ್ಕೊಂದು ಎಳೆದಾಡಿ ಒಡೆದುಹೋಗುತ್ತೆ. ಅದಕ್ಕೇ ಬಿಚ್ಚಿದೆ."

"ಮುಂದಿಂದೂ ಬದಲಾಯಿಸ್ಬೇಕಿತ್ತಲ್ಲ?"

"ಅಣ್ಣ ಬೇಡ ಅಂದ್ರು. ಇನ್ಮೇಲೆ ನಾಲ್ಕು ಚಕ್ರದ ಕೆಲಸವೇ ಇಲ್ಲ, ಹೈವೇಲೇ ಓಡೋದು ಅಂದ್ರು." ಚಕ್ರದ ಪಕ್ಕದಲ್ಲಿ ಮೇಸ್ತ್ರಿಯ ಚಪ್ಪಲಿಗಳು ಅತ್ತಿತ್ತ ಸರಿದವು. "ನಿಮಗೆ ಗೊತ್ತಿದೆ ಅಂದ್ಕೊಂಡೆ."

ಅವಳು ಕೂಡಲೇ ಹೊರಗೆ ಬರಲಿಲ್ಲ.

ಗಾಡಿ ಓಡಿಸಿಕೊಂಡು ಬಂದಾಗ ಮನೆಯಲ್ಲಿ ಗಂಡ ಇಸ್ತ್ರಿ ಮಾಡುತ್ತಿದ್ದ. ಮೇಜಿನ ಮೇಲೆ ನೀಲಿ ಬಣ್ಣದ ಹೊಸ ಅಂಗಿ. ಜೇಬಿನ ಮೇಲೆ ಪಾರ್ಸೆಲ್ ಕಂಪನಿಯ ಗುರುತು. ಮಗಳು ಶಾಲೆಯಲ್ಲಿದ್ದಳು. ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿ ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ.

"ಹೇಳೋಣ ಅಂತಿದ್ದೆ."

"ಯಾವಾಗ? ನೀವು ರಿಟೈರ್ ಆದ್ಮೇಲಾ?"

"ಸೋಮವಾರದಿಂದ ಕೆಲಸಕ್ಕೆ. ಸ್ವಂತ ಗಾಡಿ ಇದ್ರೇನೇ ತಗೊಳ್ಳೋದು ಅವ್ರು. ಬೆಳಿಗ್ಗೆ ಹೋಗಿ ಸಂಜೆ ಬರ್ತೀನಿ." ಅಂಗಿಯ ಕಾಲರು ಮಡಚಿದ, ಮತ್ತೆ ಬಿಡಿಸಿದ. "ಆರು ವರ್ಷ ಸಾಕಷ್ಟು ಒದ್ದಾಡಿದ್ದೀಯ. ಇನ್ನು ಮನೇಲಿ ಆರಾಮಾಗಿರು."

"ನಾನು ಕೇಳಿದ್ನಾ ಆರಾಮ?"

"ಕೇಳ್ಬೇಕಾ?"

"ಅಲ್ಲಿ ಇಪ್ಪತ್ಮೂರು ಮನೆ ಇದೆ ಕಣ್ರೀ. ಅವ್ರಿಗೆ ಏನು ಹೇಳ್ಲಿ?"

"ಬೇರೆ ಯಾರಾದ್ರೂ ಬರ್ತಾರೆ."

"ಯಾರು ಬರ್ತಾರೆ? ಆ ದಾರಿ ಹತ್ತೋ ಗಾಡಿ ಇದ್ದದ್ದೇ ಒಂದು. ಗ್ಯಾರೇಜಲ್ಲಿ ನನ್ನ ಮುಂದೆ 'ಅವಳು ಹೇಳ್ದಂಗೆ ಮಾಡು' ಅಂದು, ನಾನು ಬೆನ್ನು ತಿರುಗಿಸಿದ್ಮೇಲೆ..."

"ಗಾಡಿ ನನ್ನ ಹೆಸರಲ್ಲಿದೆ," ಎಂದ ಅವನು.

ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತೇನೋ, ದನಿ ಇಳಿಸಿದ. "ನೋಡು, ಹೆಂಡ್ತಿ ದುಡಿಮೇಲಿ ಕೂತು ತಿನ್ನೋನು ಅನ್ನಿಸ್ಕೊಂಡು ಸಾಕಾಗಿದೆ ನಂಗೆ."

"ಯಾರು ಅಂದ್ರು ಹಾಗೆ? ನಾನಂದ್ನಾ?"

"ಯಾರೂ ಅನ್ನಬೇಕಾಗಿಲ್ಲ."

ಅವಳು ಅವನನ್ನೇ ನೋಡಿದಳು. ಚಮಚದಲ್ಲಿ ಗಂಜಿ ಕುಡಿಸಿದ ಬಾಯಿ, ತಿಂಗಳುಗಟ್ಟಲೆ ಮಗ್ಗುಲು ತಿರುಗಿಸಿದ ಮೈ. ನೆಟ್ಟಗೆ ನಿಂತಾಗ ಅವನು ಇಷ್ಟು ಎತ್ತರ ಎಂಬುದು ಅವಳಿಗೆ ಮರೆತೇ ಹೋಗಿತ್ತು.

"ಸೋಮವಾರ ತಾನೆ?" ಎಂದಳು. "ಇವತ್ತು ಶುಕ್ರವಾರ." ಕೀ ಇನ್ನೂ ಅವಳ ಕೈಯಲ್ಲೇ ಇತ್ತು.

ಹದಿನೆಂಟೇ ಕ್ಯಾನು ಹೇರಿದಳು. ಟಾರು ರಸ್ತೆಯಲ್ಲಿ ಗಾಡಿ ಎಂದೂ ಓಡದಷ್ಟು ಸದ್ದಿಲ್ಲದೆ ಓಡಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು. ಗುಡ್ಡದ ಬುಡದಲ್ಲಿ ಮೊದಲ ಗೇರು ಹಾಕಿದಳು. ಮೊದಲ ತಿರುವನ್ನು ವೇಗದಲ್ಲೇ ದಾಟಿಸಿದಳು. ಎರಡನೆಯದರಲ್ಲಿ ಎಂಜಿನ್ ಕೆಮ್ಮಿತು. ಕ್ಲಚ್ಚನ್ನು ಅರ್ಧ ಹಿಡಿದು ಎಳೆಸಿದರೆ ಸುಟ್ಟ ವಾಸನೆ ಸೀಟಿನವರೆಗೂ ಬಂತು. ಹಿಂದಿನ ಚಕ್ರಗಳೆರಡೇ ಜಲ್ಲಿಯಲ್ಲಿ ಗಿರಗಿರನೆ ಸುತ್ತಿ, ಕಲ್ಲು ಸಿಡಿಸಿ, ಇದ್ದಲ್ಲೇ ಗುಳಿ ತೋಡಿಕೊಂಡವು. ಎಂಜಿನ್ ನಿಂತಿತು. ಅವಳು ಇಳಿದು ಚಕ್ರಗಳ ಹಿಂದೆ ಕಲ್ಲು ಕೊಟ್ಟು, ಹಾರ್ನ್ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು.

ಮೇಲಿನಿಂದ ಹೆಂಗಸರು ಇಳಿದು ಬಂದರು. ಎಂಟು ದಿನ ಕೆಳಗಿನ ಬೋರ್‌ವೆಲ್ಲಿನಿಂದ ನೀರು ಹೊತ್ತು ಅವರ ಮುಖಗಳು ಬತ್ತಿದ್ದವು.

"ಏನೇ ಇದು, ಹೊಸ ಗೇರು ಅಂತ ಹೋಗಿ, ಬಂದ್ಮೇಲೂ ನಮ್ಮ ಸೊಂಟಾನೇ ಗತಿನಾ?" ಎಂದಳು ಎಲ್ಲರಿಗಿಂತ ಹಿರಿಯಳು. "ನಿನ್ನ ಮೇಸ್ತ್ರೀನ ಕರ್ಕೊಂಡು ಬಾ, ಅವನ ತಲೆ ಮೇಲೂ ಒಂದು ಕ್ಯಾನ್ ಇಡ್ತೀನಿ."

ಉಳಿದವರು ನಕ್ಕರು. ಅವಳು ಹಿಂದಿನ ಬಾಗಿಲು ಬಿಚ್ಚಿ ಒಂದೊಂದೇ ಕ್ಯಾನನ್ನು ಅಂಚಿಗೆ ಎಳೆದು ಕೊಟ್ಟಳು. ಕೊನೆಯದನ್ನು ಸೊಂಟಕ್ಕೇರಿಸಿಕೊಳ್ಳುತ್ತ ಹಿರಿಯಳು ಕೇಳಿದಳು:

"ಸೋಮವಾರ ಸಿಲಿಂಡರು ಎಷ್ಟೊತ್ತಿಗೆ ತರ್ತೀಯ?"

ಅವಳು ಬಾಗಿಲಿನ ಕೊಂಡಿಯನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ನಡೀರಿ, ಬಿಸಿಲೇರ್ತಿದೆ," ಎಂದಳು.

ಅಲ್ಲಿ ಗಾಡಿ ತಿರುಗಿಸಲು ಜಾಗವಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಕಲ್ಲು ತೆಗೆದು, ಸೀಟಿಗೆ ಹತ್ತಿ, ರಿವರ್ಸ್ ಹಾಕಿದಳು. ಗಾಡಿ ಹಿಂದಕ್ಕೆ ಇಳಿಯತೊಡಗಿತು. ಎದುರಿನ ಗಾಜಿನಾಚೆ ಹೆಂಗಸರು ಸಾಲಾಗಿ, ಒಂದು ಕಡೆಗೆ ವಾಲಿಕೊಂಡು ಹತ್ತುತ್ತಿದ್ದರು. ಅವಳು ಕನ್ನಡಿ ನೋಡುವುದು ಬಿಟ್ಟು ಒಂದು ಕ್ಷಣ ಅವರನ್ನೇ ನೋಡಿದಳು. ಹಿರಿಯಳು ನಿಂತು, ಕ್ಯಾನನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, ಮತ್ತೆ ನಡೆದಳು.