ಆಟ ಮುಗಿದ ಮೇಲಿನ ಸುದ್ದಿ

ಸಂಜೆಯಾದರೆ ಮಕ್ಕಳಿಗೆ ಆಡಲು ಜಾಗವಿಲ್ಲ. ಬೀದಿಗೆ ಇಳಿದರೆ ಲಾರಿ, ಮನೆ ಮುಂದೆ ಆಡಿದರೆ ಬೈಗುಳ. ಹಾಗಾಗಿ ಪೊಲೀಸರು ಗೋದಾಮಿನ ಹಿಂದಿನ ಬಯಲು ಸಮ ಮಾಡಿಸಿ ಫುಟ್‌ಬಾಲ್ ತಂಡ ಕಟ್ಟಿದಾಗ ಬೀದಿಯವರೆಲ್ಲ ಖುಷಿಪಟ್ಟರು. ಹುಡುಗರು ಹೊಡೆದಾಟ ಬಿಡುತ್ತಾರೆ ಎಂದರು. ಬಿಟ್ಟರು ಕೂಡ.

ಒಂದು ಸಂಜೆ ದರ್ಜಿ ಹೆಂಗಸಿನ ಮಗಳು ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಓಡಿಬಂದಳು.

"ಅಮ್ಮಾ, ನಾಳೆ ನಾನೇ ಕ್ಯಾಪ್ಟನ್!"

"ಭಲೇ! ಎಷ್ಟು ಗೋಲು ಹೊಡೆದೆ?"

"ಒಂದೂ ಇಲ್ಲ. ಆಟ ಆದ್ಮೇಲೆ ಪೊಲೀಸ್ ಸರ್ ಎಲ್ಲರನ್ನೂ ಕೂರಿಸಿ ಬೀದಿ ಸುದ್ದಿ ಕೇಳ್ತಾರೆ. ಯಾರ ಸುದ್ದಿ ಚೆನ್ನಾಗಿರುತ್ತೋ ಅವರಿಗೆ ಪಟ್ಟಿ."

ಹೊಲಿಗೆ ಯಂತ್ರ ನಿಂತಿತು. "ನೀನೇನು ಹೇಳಿದೆ?"

"ಮಾವ ಮಿಲ್ಲಿನವರನ್ನೆಲ್ಲ ನಮ್ಮನೇಲಿ ಸೇರಿಸ್ತಾರೆ, ಸೋಮವಾರ ಕೆಲಸ ನಿಲ್ಲಿಸ್ತಾರೆ ಅಂದೆ."

ತಾಯಿ ಎದ್ದು ಬೀದಿ ಕಡೆಯ ಕಿಟಕಿ ಮುಚ್ಚಿದಳು. ಅವಳ ತಮ್ಮ ಮಿಲ್ಲಿನಲ್ಲಿ ಎರಡು ಬೆರಳು ಕಳೆದುಕೊಂಡಿದ್ದ. ಉಳಿದವರ ಬೆರಳಾದರೂ ಉಳಿಯಲಿ ಎಂದು ಯಂತ್ರಗಳಿಗೆ ಜಾಲರಿ ಹಾಕಿಸಲು ಹೋರಾಡುತ್ತಿದ್ದ. ಅವನ ಜೊತೆಗಾರ ವೆಲ್ಡರನ್ನು ಹೋದ ವಾರ ಠಾಣೆಗೆ ಒಯ್ದವರು ಇನ್ನೂ ಬಿಟ್ಟಿರಲಿಲ್ಲ. ಹೋದ ವಾರ ಪಟ್ಟಿ ಕಟ್ಟಿದ್ದವನು ವೆಲ್ಡರನ ಮಗನೇ.

ತಮ್ಮನಿಗೆ ಮನೆಗೆ ಬರಬೇಡ ಎಂದು ಹೇಳಿಕಳಿಸಿದರು. ಬೇಕರಿ ಕೆಲಸದಿಂದ ಬಂದ ತಂದೆ ಬಾಗಿಲಿಗೆ ಅಗುಳಿ ಹಾಕಿದ.

"ಇನ್ನು ಆಟವೂ ಬೇಡ, ಗೀಟವೂ ಬೇಡ."

ಪಕ್ಕದ ಮನೆಯ ನರ್ಸಕ್ಕ ಅಲ್ಲೇ ಇದ್ದಳು. "ನೆಗಡಿ ಬಂತು ಅಂತ ಮೂಗು ಕೊಯ್ಕೋತೀಯಾ ಅಣ್ಣ?"

"ಮೆಲ್ಲಗೆ ಮಾತಾಡಕ್ಕ. ಜೀಪು ಮೂಲೇಲೇ ನಿಂತಿದೆ."

ನರ್ಸಕ್ಕ ದನಿ ತಗ್ಗಿಸಿದಳು. "ಬಯಲು ಊರಿಗೆಲ್ಲ ಸೇರಿದ್ದು. ಚೆಂಡು ಬಂದಿದ್ದು ನಮ್ಮ ತೆರಿಗೇಲಿ. ಯಾರ ಭಿಕ್ಷೆಯೂ ಅಲ್ಲ. ಆಟ ಆಡಿಸ್ಲಿ. ದೊಡ್ಡವರ ವಿಷಯ ಬೇಕಾದ್ರೆ ದೊಡ್ಡವರನ್ನೇ ಕೇಳ್ಲಿ, ಮಕ್ಕಳ ಬಾಯಿ ಬಿಡಿಸೋದಲ್ಲ."

"ಅದನ್ನ ಅವರ ಮುಂದೆ ಹೇಳೋರು ಯಾರು? ನೀನಾ?"

"ನಾನೊಬ್ಳೇ ಹೋದ್ರೆ ನನ್ನನ್ನೇ ಠಾಣೇಲಿ ಕೂರಿಸ್ಕೋತಾರೆ. ಮಕ್ಕಳನ್ನ ಕಳಿಸೋ ಮನೆಯವರೆಲ್ಲ ಹೋಗೋಣ."

ಹುಡುಗಿ ಕೇಳಿದಳು, "ಮಾವನ್ನ ನಾನೇ ಹಿಡ್ಕೊಟ್ನಾ?"

"ಇಲ್ಲ ಪುಟ್ಟಿ. ಕೇಳಿದ್ದು ತಪ್ಪು, ಹೇಳಿದ್ದಲ್ಲ," ಎಂದಳು ತಾಯಿ. ಹುಡುಗಿ ಊಟ ಮಾಡಲಿಲ್ಲ.

ಮರುದಿನ ಬಯಲಿನ ಅಂಚಿನಲ್ಲಿ ಹೆಂಗಸರು ಸಾಲಾಗಿ ನಿಂತರು.

"ಏನ್ರಮ್ಮಾ, ನೀವೂ ಆಡ್ತೀರಾ?" ಆಟ ಕಲಿಸುವ ಪೊಲೀಸಿನವನು ನಕ್ಕ. ಯಾರೂ ನಗಲಿಲ್ಲ.

ಕೊನೆಯ ಸೀಟಿ ಬಿತ್ತು. ಮಕ್ಕಳು ಎಂದಿನಂತೆ ಕೂತರು. ದರ್ಜಿ ಹೆಂಗಸು ಸಾಲಿನಿಂದ ಮುಂದೆ ಬಂದಳು.

"ಆಟ ಮುಗೀತಲ್ಲ ಸರ್. ಮಕ್ಕಳು ಮನೆಗೆ ಬರ್ತಾರೆ."

ಅವನು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದ, ನೆನಪಿಟ್ಟುಕೊಳ್ಳುವವನ ಹಾಗೆ. ಆಮೇಲೆ ಚೆಂಡು ಎತ್ತಿಕೊಂಡು ಹೋದ.

ಅದರ ಮಾರನೆಯ ದಿನ ತಂದೆಯೇ ಮಗಳನ್ನು ಆಟಕ್ಕೆ ಕರೆತಂದು, ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೆಂಗಸರ ಸಾಲಿನಲ್ಲಿ ನಿಂತ. ಮಾವ ಇನ್ನೂ ಮನೆಗೆ ಬಂದಿಲ್ಲ.

ಇದನ್ನು ಓದುತ್ತಿರುವ ತಂದೆ ತಾಯಂದಿರೇ, ಮಕ್ಕಳನ್ನು ಆಟಕ್ಕೆ ಕಳಿಸಿ. ಆಟ ಅವರ ಹಕ್ಕು. ಅದನ್ನು ನಡೆಸುವವರು ಯಾರು, ಆಟ ಮುಗಿದ ಮೇಲೆ ಮಕ್ಕಳನ್ನು ಏನು ಕೇಳುತ್ತಾರೆ ಎಂದು ತಿಳಿದುಕೊಳ್ಳಿ. ಕೊನೆಯ ಸೀಟಿಯ ಹೊತ್ತಿಗೆ ನೀವು ಅಲ್ಲಿರಿ. ಹೆದರಿಕೆಯಾಗುತ್ತದೆ. ಹೆದರುತ್ತಲೇ ಹೋಗಿ, ಆದರೆ ಒಬ್ಬರೇ ಹೋಗಬೇಡಿ.