ಸಮಿತಿಯ ಮುಂದೆ ಅವ್ವ ಹೇಳಿದ್ದು

ದಯವಿಟ್ಟು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೆ ಎದ್ದು ಹೋದರೆ ನಿಮಗೆ ನಾನು ಕೆಟ್ಟವಳಾಗಿ ಕಾಣುತ್ತೇನೆ, ಇಲ್ಲವೇ ನಮ್ಮವ್ವ ಕೆಟ್ಟವಳಾಗಿ ಕಾಣುತ್ತಾಳೆ. ಅವ್ವ ಕಾಯಿಪಲ್ಯ ತರಲು ಹೋಗಿದ್ದಾಳೆ. ವಾಪಸ್ ಬಂದವಳು ಚೀಲ ಇಡುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾಳೆ. ಅದಕ್ಕೆ ಏನು ಹೇಳಲಿ ಅಂತ ನಿಮ್ಮನ್ನು ಕೇಳಬೇಕಿದೆ. ಆದ್ದರಿಂದ ಬೇಗ ಬೇಗ ಹೇಳುತ್ತೇನೆ, ತಪ್ಪಿದ್ದರೆ ಕ್ಷಮಿಸಿ.

ನಾನು ಜಾಯ್. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಬೇರೆಯವರು ಕ್ರಿಕೆಟ್ ನೋಡುವ ಹಾಗೆ ನಾನು ಸಂಸತ್ತು ನೋಡುತ್ತೇನೆ. ಪ್ರಶ್ನೋತ್ತರ ವೇಳೆ ಶುರುವಾದರೆ ನನಗೆ ಊಟ ಬೇಡ. ಜೊತೆಗಿರುವ ರಾಜೇಶ್ವರಿ ಹಾಸಿಗೆಯಿಂದಲೇ ಕೂಗುತ್ತಾಳೆ, "ಏ ಸ್ಪೀಕರ್ ಬಾಯಾರ, ಸದನ ಮುಂದೂಡ್ರಿ! ಆ ಮಂದಿ ಒದರೂದು ಕೇಳಿ ಕೇಳಿ ನನಗ ಕನಸಿನಾಗೂ ಗದ್ದಲ." ನಾನು ಅವಳಿಗೆ ಪ್ರತಿ ಸಲ ಹೇಳುವುದು ಒಂದೇ: ಸದನ ಬರೀ ಮುಖ, ಸಂಸತ್ತಿನ ಕೈಕಾಲು ಇರುವುದು ಸಮಿತಿಗಳಲ್ಲಿ. ಸದನದಲ್ಲಿ ಕೂಗಾಡುವವರೇ ಸಮಿತಿಯಲ್ಲಿ ಪಕ್ಷ ಮರೆತು ಕೂತು, ಸೈನಿಕರ ಬೂಟು ಯಾಕೆ ಇಷ್ಟು ಬೇಗ ಹರಿಯಿತು ಅಂತ ಅಧಿಕಾರಿಗಳನ್ನು ಕೇಳುತ್ತಾರೆ. ಇದನ್ನು ನಾನು ಎಷ್ಟು ನಂಬಿದ್ದೆ ಅಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮವ್ವ ಎಡಿತ್. ಅಪ್ಪ ತೀರಿಕೊಂಡ ಮೇಲೆ, ಮಿಷನ್‌ನವರ ಹೊಲಿಗೆ ತರಗತಿಯಲ್ಲಿ ಕಲಿತದ್ದನ್ನೇ ನೆಚ್ಚಿಕೊಂಡು ನನ್ನನ್ನು ಬೆಳೆಸಿದಳು. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಹೊಲಿಗೆ ವಿಭಾಗಕ್ಕೆ ಅವಳೇ ಹಿರಿಯಳು. ಅಲ್ಲಿ ಸೈನ್ಯಕ್ಕೆ ಬೆಲ್ಟು ತಯಾರಾಗುತ್ತಿತ್ತು, ಕಡಿದಾದ ಬೆಟ್ಟ ಹತ್ತುವಾಗ ಹಗ್ಗಕ್ಕೆ ಸಿಕ್ಕಿಸಿ ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ಮಾಲೀಕರು ಮಡಿವಾಳಪ್ಪ. ಅವರಪ್ಪನ ಕಾಲದಲ್ಲಿ ಅರಳೆ ವ್ಯಾಪಾರ, ಇವರ ಕಾಲಕ್ಕೆ ಹೊಲಿಗೆ. ಕೆಟ್ಟ ಮನುಷ್ಯ ಅಂತ ಹೇಳಲಾರೆ. ಲಾಕ್‌ಡೌನಿನಲ್ಲಿ ಒಬ್ಬ ಹೆಂಗಸನ್ನೂ ಕೆಲಸದಿಂದ ಬಿಡಿಸಲಿಲ್ಲ. ನಮ್ಮನೆಯ ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಕರ್ಚಿಕಾಯಿ ಬರುತ್ತಿತ್ತು.

ಹೋದ ವರ್ಷ ಎಲ್ಲೋ ಉತ್ತರದ ಬೆಟ್ಟದಲ್ಲಿ ತರಬೇತಿಯ ವೇಳೆ ಒಬ್ಬ ಸೈನಿಕ ಬಿದ್ದು ಸತ್ತ. ಸಂಸತ್ತಿನಲ್ಲಿ ಪ್ರಶ್ನೆ ಬಂತು. ಮಂತ್ರಿಗಳ ಲಿಖಿತ ಉತ್ತರ ಹೀಗಿತ್ತು: ಬೆಲ್ಟಿನಲ್ಲಿ ದೋಷವಿಲ್ಲ, ಆತ ಅದನ್ನು ಸರಿಯಾಗಿ ಕಟ್ಟಿಕೊಂಡಿರಲಿಲ್ಲ. ಉತ್ತರದಲ್ಲಿ ಬೆಲ್ಟು ಪೂರೈಸಿದ ಊರು ಹುಬ್ಬಳ್ಳಿ ಅಂತ ಓದಿ ನಾನು ಖುಷಿಯಿಂದ ಅವ್ವನಿಗೆ ಫೋನು ಮಾಡಿದೆ. "ಅವ್ವ, ನಿಮ್ಮ ಬೆಲ್ಟ್ ಪಾರ್ಲಿಮೆಂಟಿಗೆ ಹೋಗೇತಿ! ದೋಷ ಇಲ್ಲಂತ, ಮಂತ್ರಿನ ಹೇಳ್ಯಾನ!"

ಅವ್ವ ಕೇಳಿದಳು, "ಆ ಹುಡುಗಗ ಅವ್ವ ಅದಾಳೇನ?"

ಅದಾದ ಮೇಲೆ ಅವಳು ಮನೆಯ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿಟ್ಟಳು. ಚರ್ಚಿನಲ್ಲಿ ಹಾಡುವುದನ್ನೂ ನಿಲ್ಲಿಸಿದಳು. ವಯಸ್ಸಾಯಿತು, ಗಂಟಲು ನೋವಿರಬೇಕು ಅಂದುಕೊಂಡೆ.

ವಿರೋಧ ಪಕ್ಷದವರು ಪಟ್ಟು ಹಿಡಿದರು. ಸೈನ್ಯದ ಖರೀದಿ ನೋಡುವ ಸಂಸದರ ಸಮಿತಿ ಒಂದಷ್ಟು ಕಾರ್ಖಾನೆಗಳಿಗೆ ಭೇಟಿ ಕೊಡುತ್ತದೆ ಅಂತಾಯಿತು, ಅದರಲ್ಲಿ ಗೋಕುಲ ರಸ್ತೆಯದೂ ಒಂದು. ಸಮಿತಿಯಲ್ಲಿ ಕನ್ನಡ ಬಲ್ಲ ಸದಸ್ಯರು ಒಬ್ಬರೇ. ಅಂದು ಅವರ ಕ್ಷೇತ್ರದಲ್ಲಿ ಯಾರದೋ ಮದುವೆ, ಬರುವುದಿಲ್ಲ. ಕೆಲಸಗಾರರ ಮಾತನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಹೇಳಲು ಯಾರಾದರೂ ಬೇಕು ಅಂತ ಜಿಲ್ಲೆಯ ಅಧಿಕಾರಿಯೊಬ್ಬರಿಂದ ನಮ್ಮ ವಿಭಾಗಕ್ಕೆ ಫೋನು ಬಂತು. ನಮ್ಮ ಮೇಷ್ಟ್ರು ನಕ್ಕು ನನ್ನ ಹೆಸರು ಕೊಟ್ಟರು. ನಾನು ಕುಣಿದೆ, ಸುಳ್ಳು ಯಾಕೆ ಹೇಳಲಿ. ನಿಮ್ಮವ್ವನೇ ಅಲ್ಲಿ ಕೆಲಸ ಮಾಡುತ್ತಾಳಾ ಅಂತ ಯಾರೂ ಕೇಳಲಿಲ್ಲ.

ಹಿಂದಿನ ದಿನ ಚಿಗರಿ ಬಸ್ಸು ಹಿಡಿದು ಮನೆಗೆ ಬಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಜಾಯ್, ಆ ಸಮಿತಿಯವ್ರ ಮುಂದ ಯಾರರ ಏನರ ಹೇಳಿದ್ರ, ಆಮ್ಯಾಲ ಅವ್ರಿಗೆ ತ್ರಾಸ ಆಗೂದಿಲ್ಲೇನ?"

"ಏನೂ ಆಗೂದಿಲ್ಲವ್ವ. ಸಂಸತ್ತಿನ ಸಮಿತಿ ಮುಂದ ಸಾಕ್ಷಿ ಹೇಳಿದವ್ರನ್ನ ಯಾರೂ ಮುಟ್ಟೂ ಹಂಗಿಲ್ಲ. ಮುಟ್ಟಿದ್ರ ಸಂಸತ್ತಿಗೇ ಕೈ ಹಚ್ಚಿದಂಗ."

"ಖರೇನ?"

"ಬೈಬಲ್ ಮ್ಯಾಲ ಕೈ ಇಡ್ಲೇನ?"

"ಅದನ್ನ್ಯಾಕ ನಡಕ ತರ್ತಿ? ನೀ ಹೇಳಿದ್ರ ಸಾಕು," ಅಂದಳು ಅವ್ವ. ರೊಟ್ಟಿ ಹೊತ್ತಿದ್ದನ್ನೂ ಅವಳು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಸಮಿತಿಯ ಕಾರ್ಯಾಲಯದ ಅಧಿಕಾರಿಯೊಬ್ಬರು ಕಾರಿನಲ್ಲಿ ನನಗೆ ತಿಳಿಸಿ ಹೇಳಿದರು. ಇದು ಅಧ್ಯಯನ ಪ್ರವಾಸ. ಇಲ್ಲಿ ಸಾಕ್ಷ್ಯ ದಾಖಲಾಗುವುದಿಲ್ಲ. ಬರೀ ಅನೌಪಚಾರಿಕ ಮಾತುಕತೆ, ಅದೂ ಗೋಪ್ಯ. ನಾನು ತಲೆಯಾಡಿಸಿದೆ. ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯನ್ನು ಕಾರ್ಖಾನೆಯ ಹೆಂಗಸರೆಲ್ಲ ನೋಡುವ ಹಾಗೆ ತಿರುಗಿಸಿಟ್ಟುಕೊಳ್ಳುತ್ತಿದ್ದೆ.

ಕಾರ್ಖಾನೆಯ ಬಾಗಿಲಿಗೆ ಮಾವಿನ ತೋರಣ. ಮೇಜಿನ ಮೇಲೆ ಗಿರಮಿಟ್, ಮಿರ್ಚಿ. ಮಡಿವಾಳಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಹೊಲಿಗೆಯ ಹೆಂಗಸರನ್ನು ಒಬ್ಬೊಬ್ಬರಾಗಿ ಪರಿಚಯಿಸಿದರು. ಅವ್ವನ ಹತ್ತಿರ ಬಂದಾಗ, "ಇವ್ರು ನಮ್ಮ ಎಡಿತಕ್ಕ. ಇವ್ರ ಕೈಯಾಗಿಂದ ಪಾಸ್ ಆಗದ ಒಂದ ಬೆಲ್ಟೂ ಈ ಬಾಗಲಾ ದಾಟೂದಿಲ್ಲ" ಅಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದೆ.

ಸಮಿತಿಯ ಅಧ್ಯಕ್ಷರು ದೂರದ ರಾಜ್ಯದ ವಯಸ್ಸಾದ ಸಂಸದರು, ಮೆತ್ತಗೆ ಮಾತಾಡುವವರು. ಮುಂದಕ್ಕೆ ಹೆಜ್ಜೆ ಇಡುತ್ತಲೇ ಕೇಳಿದರು: ನಮಗೆ ಏನಾದರೂ ಹೇಳುವುದಿದೆಯಾ ತಾಯಿ? ಎಲ್ಲ ಕಡೆ ಎಲ್ಲರನ್ನೂ ಕೇಳುವ ಪ್ರಶ್ನೆ. ನಾನು ಕನ್ನಡದಲ್ಲಿ ಹೇಳಿದೆ.

ಅವ್ವ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಆ ಹುಡುಗಂದು ಏನೂ ತಪ್ಪಿಲ್ರಿ. ಬೆಲ್ಟ್ ಸರೀನ ಕಟ್ಕೊಂಡಿರ್ತಾನ. ಹೊಲಿಗಿ ಬಿಚ್ಚಿರ್ತೈತಿ. ಸರಕಾರದವ್ರಿಗೆ ಪರೀಕ್ಷಾಕ್ಕ ಕಳಸಿದ ಬೆಲ್ಟಿಗೆ ಹಳೇ ದಾರ ಹಾಕಿದ್ವಿ, ಉಳದದ್ದಕ್ಕೆಲ್ಲಾ ಹೊಸಾದು. ಆ ಹೊಸಾ ದಾರ ಕೈಲೆ ಜಗ್ಗಿದ್ರ ಹರೀತಿತ್ತು. ಬ್ಯಾಡ್ರಿ ಅಂದೆ. ಮಾಲ್ ಕಳಸೂ ದಿನಾ ಬಂದೈತಿ ಅಂದ್ರು ಮಾಲಕ್ರು. ನಾನ ಹೊಲಿಸೇನಿ, ಪಾಸ್ ಸಿಕ್ಕಾ ನಾನ ಹೊಡದೇನಿ. ಆ ಬೆಲ್ಟು ಇನ್ನೂ ಎಷ್ಟ ಹುಡುಗ್ರ ಸೊಂಟದಾಗ ಅದಾವೋ ಏನೋ. ಅವನ್ನ ವಾಪಸ್ ತರಸ್ರಿ. ಲಗೂನ ತರಸ್ರಿ."

ಅಲ್ಲಿದ್ದ ಹೊಲಿಗೆ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಹೆಂಗಸರಿಗೆ ತಿಳಿಯಿತು. ಮಡಿವಾಳಪ್ಪನವರಿಗೆ ತಿಳಿಯಿತು. ನನ್ನನ್ನು ಕರೆಸಿ ಜೊತೆಗೇ ಬಂದಿದ್ದ ಜಿಲ್ಲೆಯ ಅಧಿಕಾರಿಗೂ ತಿಳಿಯಿತು, ಅವರು ತಕ್ಷಣ ಫೋನು ತೆಗೆದು ಅದರಲ್ಲೇನೋ ಹುಡುಕತೊಡಗಿದರು. ತಿಳಿಯದೇ ಇದ್ದದ್ದು ಕೇಳಲೆಂದೇ ದಿಲ್ಲಿಯಿಂದ ಬಂದಿದ್ದ ಆ ಕೆಲವರಿಗೆ ಮಾತ್ರ. ಅಧ್ಯಕ್ಷರು ಇನ್ನೂ ಮುಗುಳ್ನಗುತ್ತಲೇ ನನ್ನ ಕಡೆ ತಿರುಗಿ, ಏನೆನ್ನುತ್ತಾರೆ ಅಂತ ಕೇಳಿದರು.

ನನಗೆ ಆಗ ನೆನಪಾಯಿತು. ಸಾಕ್ಷ್ಯ ದಾಖಲಾಗುವುದಿಲ್ಲ. ಹಾಗಾದರೆ ಅವ್ವ ಸಾಕ್ಷಿಯಲ್ಲ. ನಾನು ಮಾತು ಕೊಟ್ಟ ರಕ್ಷಣೆ ಈ ಸೂರಿನ ಕೆಳಗೆ ಇಲ್ಲವೇ ಇಲ್ಲ, ಅವ್ವ ಅದನ್ನು ನಂಬಿ ಬಾಯಿ ಬಿಟ್ಟಿದ್ದಾಳೆ.

ಮಡಿವಾಳಪ್ಪ ನನ್ನ ಪಕ್ಕಕ್ಕೆ ಬಂದರು. ಮುಖದ ಮೇಲಿನ ನಗೆ ಹಾಗೇ ಇತ್ತು. "ಜಾಯವ್ವ, ನಿಮ್ಮವ್ವಗ ಬಿಪಿ ಐತಿ, ತಲಿ ಸುತ್ತೇತಿ ಅಷ್ಟ. ಎಲ್ಲಾ ಛಲೋ ಐತ್ರಿ, ಪಗಾರ ಒಂದೀಟು ಏರಸ್ರಿ ಅಂದ್ಳು ಅಂತ ಹೇಳಿಬಿಡು. ನಕ್ಕೋತ ಮುಂದ ಹೋಗ್ತಾರ. ಇಷ್ಟು ಮಂದಿ ಮನಿ ಐತೆವ್ವಾ ಇದರ ಮ್ಯಾಲ."

ಹಿಂದಿನ ಯಂತ್ರದಿಂದ ಯಂಕವ್ವ, ನಾನು ಸಣ್ಣವಳಿದ್ದಾಗ ನನಗೆ ಜಡೆ ಹಾಕುತ್ತಿದ್ದವಳು, "ಮಗಳ, ಬ್ಯಾಡ. ನಿನ್ನ ಕಾಲ ಬೀಳ್ತೇನಿ" ಅಂದಳು.

ನಾನು ಅವ್ವನಿಗೆ ಅವಸರದಲ್ಲಿ ಹೇಳಿದೆ, "ಅವ್ವ, ನಾ ನಿನ್ನೆ ಹೇಳಿದ್ದು ಇಲ್ಲಿ ನಡ್ಯೂದಿಲ್ಲ. ಇದು ಸಾಕ್ಷಿ ಅಲ್ಲಂತ. ನಿನ್ನ ಯಾರೂ ಕಾಯೂದಿಲ್ಲ. ಹೇಳ್ಲೋ ಬ್ಯಾಡೋ?"

ಅವ್ವನ ಮುಖದಲ್ಲಿ ಭಯ ಬಂದದ್ದನ್ನು ಕಣ್ಣಾರೆ ಕಂಡೆ. ಬೇಡ ಅನ್ನಲಿ ದೇವರೇ ಅಂತ ಬೇಡಿಕೊಂಡೆ. ಅವಳು ನನ್ನ ಓಢಣಿಯ ತುದಿ ಹಿಡಿದುಕೊಂಡು ಹೇಳಿದಳು, "ನನ್ನ ಮಾರಿ ನೋಡಬ್ಯಾಡ ನೀ. ಅವ್ರ ಮಾರಿ ನೋಡಿ ಹೇಳು."

ಹೇಳಿದೆ. ಒಂದು ಮಾತೂ ಬಿಡದೆ, ಆ 'ನಾನ ಹೊಲಿಸೇನಿ' ಅನ್ನುವುದನ್ನೂ ಬಿಡದೆ ಹೇಳಿದೆ.

ಅಧ್ಯಕ್ಷರ ನಗೆ ಹೋಯಿತು. ಅವ್ವನಿಗೆ ಕೈಮುಗಿದರು. ಯಾರಿಗೋ ಏನೋ ಪಿಸುಗುಟ್ಟಿದರು. ಆಮೇಲೆ ಎಲ್ಲರೂ ಕಾರು ಹತ್ತಿದರು. ಗಿರಮಿಟ್ ಮೆತ್ತಗಾಗಿ ಮೇಜಿನ ಮೇಲೆಯೇ ಉಳಿಯಿತು.

ಉಳಿದದ್ದನ್ನು ನೀವೇ ಊಹಿಸಬಹುದು. ಬೆಲ್ಟಿನ ಗುತ್ತಿಗೆ ನಿಂತಿತು, ಕಾರ್ಖಾನೆಗೆ ಬೀಗ ಬಿತ್ತು. ಮಡಿವಾಳಪ್ಪ ಪೊಲೀಸರಿಗೆ ದೂರು ಕೊಟ್ಟರು: ದಾರ ಬದಲಾದದ್ದು ನನಗೆ ಗೊತ್ತಿಲ್ಲ, ಪಾಸ್ ಮುದ್ರೆಯ ಸಿಕ್ಕಾ ಎಡಿತಳದು. ಅವ್ವನ ಮೇಲೆ ಪ್ರಕರಣ ದಾಖಲಾಯಿತು, ಠಾಣೆಗೆ ಅಲೆದಾಟ ಶುರುವಾಯಿತು. ಅವಳೇ ಸತ್ಯ ಹೇಳಿದವಳು ಅಂತ ಒಂದು ಪತ್ರ ಕೊಡಿ ಎಂದು ಸಮಿತಿಗೆ ಬರೆದೆ. ಪ್ರವಾಸದ ಮಾತುಕತೆ ಗೋಪ್ಯ, ಅದಕ್ಕೆ ದಾಖಲೆಯಿಲ್ಲ, ವಿಷಾದಿಸುತ್ತೇವೆ ಅಂತ ಉತ್ತರ ಬಂತು. ಎಷ್ಟು ಸಭ್ಯ ಉತ್ತರ! ಯಂಕವ್ವ ಈಗ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ದಾರಿಯಲ್ಲಿ ಸಿಕ್ಕಾಗ ಮಾತಾಡಿಸಿದೆ. "ನಿಮ್ಮ ಖರೇ ನೀವ ಉಣ್ರಿ. ನಮಗ ಬ್ಯಾರೆ ಅಡಗಿ ಐತಿ" ಅಂದು ದಾಟಿ ಹೋದಳು.

ಅವ್ವ ಇದಕ್ಕೆಲ್ಲ ಅತ್ತಿಲ್ಲ. ದಿನಾ ಕೇಳುವುದು ಒಂದೇ. "ಬೆಲ್ಟ್ ವಾಪಸ್ ತರಿಸಿದ್ರೇನ?"

"ವರದಿ ಬರ್ಲಿ ಅವ್ವ. ಅದರಾಗ ಬರದಿರ್ತಾರ," ಅಂತ ನಾನು ದಿನಾ ಮುಂದೂಡಿದೆ.

ಇವತ್ತು ವರದಿ ಬಂತು. ಸದನದಲ್ಲಿ ಗದ್ದಲದ ನಡುವೆಯೇ ಮಂಡಿಸಿದರು, ಯಾರೂ ಕಿವಿಗೊಡಲಿಲ್ಲ. ನಾನು ಫೋನಿಗೆ ಇಳಿಸಿಕೊಂಡು ಓದಿದೆ. ಹುಬ್ಬಳ್ಳಿಯ ಬಗ್ಗೆ ಇರುವುದು ಇಷ್ಟೇ: ಸಮಿತಿ ಅಲ್ಲಿನ ಘಟಕವೊಂದಕ್ಕೆ ಭೇಟಿ ನೀಡಿತು. ಗುಣಮಟ್ಟದ ತಪಾಸಣೆಯನ್ನು ಇನ್ನಷ್ಟು ಬಲಪಡಿಸಬೇಕೆಂದು ಸಮಿತಿ ಆಶಿಸುತ್ತದೆ. ಅದರ ಕೆಳಗೆ ಒಂದು ಸಾಲು ನಕ್ಷತ್ರ ಚಿಹ್ನೆ.

ದೇಶದ ಭದ್ರತೆಗೆಂದು ಮುಚ್ಚಿಟ್ಟ ಭಾಗಕ್ಕೆ ವರದಿಗಳಲ್ಲಿ ಹಾಗೆ ನಕ್ಷತ್ರ ಹಾಕುತ್ತಾರೆ. ಅದು ನನಗೆ ಗೊತ್ತು, ಇಂಥದ್ದೆಲ್ಲ ನನಗೆ ಗೊತ್ತು. ಆ ಸಾಲಿನ ಕೆಳಗೆ ಬೆಲ್ಟುಗಳನ್ನು ವಾಪಸ್ ತರಿಸಿದ ಆದೇಶ ಇರಬಹುದು. ಎಷ್ಟು ಬೆಲ್ಟು, ಯಾವ ತುಕಡಿಗೆ ಅನ್ನುವ ಲೆಕ್ಕವಷ್ಟೇ ಇರಬಹುದು. ಆ ಮುದಿ ಅಧ್ಯಕ್ಷರು ಅವ್ವನ ಮಾತನ್ನು ಪೂರ್ತಿ ಬರೆಸಿರಲೂಬಹುದು. ನಕ್ಷತ್ರದಾಚೆಗೆ ನನಗೆ ಏನೂ ಕಾಣುವುದಿಲ್ಲ.

ಅವ್ವ ಹೊರಡುವಾಗಲೇ ಹೇಳಿ ಹೋಗಿದ್ದಾಳೆ. "ನಾ ಬರೂದ್ರಾಗ ಓದಿಟ್ಟಿರು. ಆಮ್ಯಾಲ ಕನ್ನಡದಾಗ ಹೇಳು. ತರಿಸಿದ್ರಂದ್ರ ಮುಗೀತು, ಜೇಲಿಗೆ ಹಾಕಿದ್ರೂ ನಿದ್ದಿ ಹತ್ತತೈತಿ ನನಗ. ತರಿಸಿಲ್ಲಂದ್ರ ನಾಳೆನ ಟಿವಿಯವ್ರ ಮುಂದ ನಿಂತು ಹೇಳ್ತೇನಿ."

ಅವ್ವನ ವಕೀಲರು ಮೊನ್ನೆ ನನ್ನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದ್ದಾರೆ. "ನೋಡವಾ, ನಿಮ್ಮ ತಾಯಿ ಹೊರಗ ಇನ್ನೊಂದ ಸಲ ಬಾಯಿ ಬಿಟ್ರ, ಅದ ತಪ್ಪೊಪ್ಪಿಗಿ ಆಗತೈತಿ. ಜಾಮೀನು ಮರತುಬಿಡ್ರಿ."

ತರಿಸಿದರು ಅಂತ ನಾನು ಹೇಳಿದರೆ ಅವ್ವ ಉಳಿಯುತ್ತಾಳೆ. ಇವತ್ತು ಬಹಳ ದಿನದ ಮೇಲೆ ಉಂಡು ಮಲಗುತ್ತಾಳೆ, ಯಂತ್ರದ ಮೇಲಿನ ಬಟ್ಟೆ ತೆಗೆದರೂ ತೆಗೆದಾಳು. ಆದರೆ ಆ ಬೆಲ್ಟುಗಳು ಇನ್ನೂ ಅಲ್ಲೇ ಇದ್ದರೆ, ಅದಕ್ಕಾಗಿ ಕೂಗಬಲ್ಲ ಒಂದೇ ಬಾಯನ್ನು ನಾನೇ ಮುಚ್ಚಿಸಿದಂತೆ. ಗೊತ್ತಿಲ್ಲ ಅವ್ವ ಅಂದರೆ ಅವಳು ಚಪ್ಪಲಿ ಕೂಡ ಬಿಚ್ಚುವುದಿಲ್ಲ, ಹಾಗೇ ಹೊರಡುತ್ತಾಳೆ.

ಗೇಟು ಸದ್ದಾಯಿತು. ಬಂದಳು.

"ಜಾಯ್, ಓದಿದೇನ? ಏನ ಬರದಾರ?"

ಅಂದು ತನ್ನ ಮಾರಿ ನೋಡಬೇಡ ಅಂದಿದ್ದಳು. ಇವತ್ತು ನೇರ ನನ್ನ ಮಾರಿಯನ್ನೇ ನೋಡುತ್ತ ನಿಂತಿದ್ದಾಳೆ, ಚೀಲ ಇನ್ನೂ ಕೈಯಲ್ಲೇ ಇದೆ. ಆ ಒಂದು ಸಾಲು ನಕ್ಷತ್ರವನ್ನು ನೀವಾಗಿದ್ದರೆ ಕನ್ನಡದಲ್ಲಿ ಏನೆಂದು ಹೇಳುತ್ತಿದ್ದಿರಿ?