ಲಕ್ಷ್ಮೀ ರೂಪಾಯಿಯ ಗೆರೆ

೧
ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ನಿಜಾಮರ ಟಂಕಸಾಲೆಯಿಂದ ಎತ್ತಿಕೊಂಡರೆ ಎರಡನೇ ಪ್ಯಾರಾಕ್ಕೆ ನೀವು ಮೊಬೈಲ್ ತೆಗೆಯುತ್ತೀರಿ. ಗಯಾಬಾಯಿಯ ಕಣ್ಣೀರಿನಿಂದ ಶುರು ಮಾಡಿದ್ದೆ, ಆಕೆಯೇ ಬಂದು ಆ ಹಾಳೆ ಹರಿದುಹಾಕಿದಳು. ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ಅತ್ತಿಲ್ಲವಂತೆ, ಸಿಟ್ಟು ಮಾತ್ರ ಬಂದಿತ್ತಂತೆ. ಸರಿ, ಸಿಟ್ಟಿನಿಂದಲೇ ಶುರು.

೨
ಹುಮನಾಬಾದ್. ಮದುವೆಯಾದ ಮೇಲಿನ ಮೊದಲ ದೀಪಾವಳಿ. ಅತ್ತೆ ಸಖುಬಾಯಿ ಪೂಜೆಯ ಬೆಳ್ಳಿ ರೂಪಾಯಿಯನ್ನು ಸೊಸೆ ಗಯಾಬಾಯಿಯ ಕೈಗಿಟ್ಟು ತೊಳೆದು ತಾ ಎಂದರು. ನಿಜಾಮರ ಕಾಲದ್ದು, ಮೇಲೆ ಚಾರ್‌ಮಿನಾರ್. ಆ ಮನೆಯಲ್ಲಿ ತೊಳೆಯುವುದೆಂದರೆ ನೀರಲ್ಲಿ ಅದ್ದಿ ತೆಗೆದು, ಹಳೇ ಅರಿಶಿನ ಕುಂಕುಮದ ಮೇಲೇ ಹೊಸತು ಹಚ್ಚುವುದು. ಹೊಸ ಸೊಸೆಗೆ ಅದನ್ನು ಯಾರು ಹೇಳಬೇಕು? ಬೂದಿ ಹಾಕಿ ಫಳಫಳ ಎನ್ನುವ ಹಾಗೆ ತಿಕ್ಕಿದಳು. ತಲೆಮಾರುಗಳ ಪದರ ಎದ್ದುಹೋಯಿತು. ಬಲಗಡೆಯ ಮಿನಾರಿನಿಂದ ಅಂಚಿನವರೆಗೆ ಒಂದು ಗೆರೆ ಕಂಡಿತು.

ಸೊಸೆ ಲಕ್ಷ್ಮಿಯನ್ನು ಗೀರಿದಳೆಂದು ಅತ್ತೆ ಓಣಿಗೆಲ್ಲ ಸಾರಿದರು. ಅಂದಿನಿಂದ ಗಯಾಬಾಯಿ ಆ ರೂಪಾಯಿ ಮುಟ್ಟುವಂತಿಲ್ಲ. (ಒಂದು ಗೆರೆಗೆ ಇಷ್ಟು ವರ್ಷವೇ ಎಂದು ಕೇಳುತ್ತೀರಾ? ನಿಮ್ಮ ಅತ್ತೆ ಒಳ್ಳೆಯವರಿರಬೇಕು.)

೩
ಬಸವಕಲ್ಯಾಣದ ಗಡಿಯಾರ ರಿಪೇರಿಯ ಖಮರುದ್ದೀನರಿಗೆ ಹಳೇ ನಾಣ್ಯದ ಹುಚ್ಚು ಎಂದು ಹೋದ ತಿಂಗಳು ಯಾರೋ ಹೇಳಿದರು. ಗಯಾಬಾಯಿ ರೂಪಾಯಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಸ್ ಹತ್ತಿದಳು. ನಾನು ಇದಕ್ಕೆ ‘ಕಳವು’ ಎಂದು ತಲೆಬರಹ ಕೊಟ್ಟಿದ್ದೆ. ತನ್ನ ಮನೆಯ ರೂಪಾಯಿ ತಾನು ಒಯ್ದರೆ ಕಳವು ಹೇಗಾಗುತ್ತದೆ ಎಂದು ಕೇಳಿದಳು. ಹೊಡೆದುಹಾಕಿದೆ.

ಖಮರುದ್ದೀನರು ಕಣ್ಣಿಗೆ ಲೆನ್ಸ್ ಸಿಕ್ಕಿಸಿ ಮೊದಲು ಚಾರ್‌ಮಿನಾರಿನ ಬಾಗಿಲು ನೋಡಿದರು. ಅಲ್ಲಿ ನಿಜಾಮರ ಹೆಸರಿನ ಮೊದಲಕ್ಷರ, ಉರ್ದುವಿನ ಪುಟ್ಟ ‘ಐನ್’ ಇರುತ್ತದೆ. ಇದರದ್ದು ಬಾಲ ಮೊಟಕು, ಅಂದರೆ ಮೊದಮೊದಲು ಹೊಡೆದ ನಾಣ್ಯ. ಆಮೇಲೆ ಗೆರೆಯ ಮೇಲೆ ಉಗುರಾಡಿಸಿದರು. ಎದ್ದು ತಮ್ಮ ಡಬ್ಬಿಯಿಂದ ಇನ್ನೊಂದು ರೂಪಾಯಿ ತೆಗೆದು ಪಕ್ಕಕ್ಕಿಟ್ಟರು. ಅದೇ ಮೊಟಕು ಬಾಲ, ಅದೇ ಮಿನಾರು, ಅದೇ ಗೆರೆ.

“ಅಕ್ಕಾ, ಇದು ಗೀರಿದ್ದಲ್ರಿ. ಟಂಕಸಾಲ್ಯಾಗ ಅಚ್ಚೇ ಬಿರುಕು ಬಿಟ್ಟಿತ್ತು. ಹೊಡೆದಾಗ ಬೆಳ್ಳಿ ಆ ಬಿರುಕಿನಾಗ ಹೊಕ್ಕು ಉಬ್ಬ್ಯದ.”

ಮುಂದೆ ಯಾವತ್ತೂ ಇದನ್ನು ತಿಕ್ಕಬೇಡಿ, ಹೊಳಪು ಬಂದರೆ ಸಂಗ್ರಹಕಾರರು ಮೂಸಿಯೂ ನೋಡುವುದಿಲ್ಲ ಎಂದೂ ಹೇಳಿ ಕಳಿಸಿದರು.

(ಎರಡನೇ ನಾಣ್ಯ ತೀರಾ ಸಿನಿಮಾ ಆಯಿತೆಂದು ತೆಗೆದಿದ್ದೆ. ಖಮರುದ್ದೀನರು ಮುನಿಸಿಕೊಂಡರು. ಒಂದೇ ಅಚ್ಚಿನಲ್ಲಿ ಸಾವಿರಾರು ಹೊಡೆದಿರುತ್ತಾರೆ, ಈ ಸೀಮೆಯಲ್ಲಿ ಎರಡು ಉಳಿದರೆ ಏನು ದೊಡ್ಡ ವಿಷಯ ಎಂದರು. ಸಾಕ್ಷಿಯನ್ನು ವಾಪಸ್ ಇಟ್ಟಿದ್ದೇನೆ.)

೪
ಕ್ಲೈಮ್ಯಾಕ್ಸಿಗೆಂದು ನಾನು ದೊಡ್ಡ ಭೂತಗನ್ನಡಿ ತಂದಿದ್ದೆ. ದಡ್ಡ ನಾನು. ಸಖುಬಾಯಿಯವರಿಗೀಗ ಎಂಬತ್ತಾರು, ಎರಡೂ ಕಣ್ಣಿಗೆ ಪೊರೆ. ಗಯಾಬಾಯಿ ನನ್ನನ್ನು ಪಕ್ಕಕ್ಕೆ ಸರಿಸಿ, ಅತ್ತೆಯ ಹೆಬ್ಬೆರಳು ಹಿಡಿದು ಉಗುರನ್ನು ಗೆರೆಗೆ ಅಡ್ಡ ಇಟ್ಟಳು.

“ಗೀರಿದ್ರ ತಗ್ಗ ಬೀಳ್ತದ. ಇದು ಉಬ್ಬ್ಯದ. ತಿಕ್ಕಿದ್ರ ಬೆಳ್ಳಿ ಬೆಳೀತದೇನ್ರಿ, ಅತ್ತಿ?”

ಮುದುಕಿ ಉಗುರನ್ನು ಆಚೆ ಎಳೆದರು, ಈಚೆ ಎಳೆದರು. ತೊಗರಿಬೇಳೆಯೊಳಗಿನ ಹರಳನ್ನು ಇಂದಿಗೂ ಬೆರಳಲ್ಲೇ ಹುಡುಕುವ ಕೈ ಅದು. ಪ್ರತಿ ಸಲವೂ ಉಗುರು ಉಬ್ಬಿದ ಗೆರೆಗೆ ಎಡವಿತು.

೫
ಮೊದಲ ಅಂತ್ಯ: ಅತ್ತೆ ಕ್ಷಮೆ ಕೇಳಿ ಸೊಸೆಯನ್ನು ತಬ್ಬಿಕೊಂಡರು. ಗಯಾಬಾಯಿ ಇದನ್ನು ಓದಿ ಬಿದ್ದು ಬಿದ್ದು ನಕ್ಕಳು. ಎರಡನೆಯದು: ರೂಪಾಯಿ ಮ್ಯೂಸಿಯಮ್ಮಿಗೆ ಹೋಯಿತು. ಇದಕ್ಕೆ ನಗಲೂ ಇಲ್ಲ.

ಆದದ್ದು ಇಷ್ಟು. ಸಖುಬಾಯಿ ಗೋಡೆ ಹಿಡಿದು ಬಾಗಿಲಿಗೆ ಬಂದು, ಎದುರು ಮನೆಯ ಜಗದೇವಿಯನ್ನು ಕೂಗಿ ಕರೆದರು. ಓಣಿಗೆ ಕೇಳುವಂತೆ ಹೇಳಿದರು: “ನಮ್ಮ ಗಯಾ ಗೀರಿಲ್ಲ. ರೂಪಾಯಿ ಹುಟ್ಟಿದ್ದೇ ಹಂಗ.” ಆಮೇಲೆ ಸೊಸೆಯ ಕೈಗೆ ನಾಣ್ಯ ಕೊಟ್ಟು, ಬೂದಿ ತಂದು ಇಲ್ಲೇ ಅಂಗಳದಲ್ಲಿ ಎಲ್ಲರೆದುರು ತಿಕ್ಕು ಎಂದರು.

ಗಯಾಬಾಯಿ ಕೂತಳು ನೋಡಿ, ಪೂರಾ ಅಂಗಳ ತನ್ನದೆಂಬಂತೆ. ವಿಷಯ ತಿಳಿದು ಖಮರುದ್ದೀನರು ನನಗೆ ಫೋನ್ ಮಾಡಿ, ಕೈಮುಗಿತೀನಿ, ತಿಕ್ಕಬ್ಯಾಡಂತ ಹೇಳ್ರಿ ಎಂದು ಗೋಗರೆದರು. ಹೇಳಿದೆ. ಕೇಳಲಿಲ್ಲ. ಹೋಗಲಿ, ನಾನಾದರೂ ಕಥೆ ಮುಗಿಸುತ್ತೇನೆಂದು ಪೆನ್ನೆತ್ತಿದೆ.

“ತಡೀರಿ,” ಎಂದಳು ತಲೆಯೆತ್ತದೆ, “ನಾ ಇನ್ನಾ ತಿಕ್ಕಾಕತ್ತೀನಿ.”